ಏಳನೇ ನಂಬರ್ ಖೋಲಿಯ ವ್ಯಾಕರಣ

ಅಮೀನಾ ಇಂಗ್ಲಿಷ್ ಕಲಿಯಲು ಹೊರಟದ್ದು ಒಂದು ಬ್ಲೌಸಿನ ದೆಸೆಯಿಂದ.

ದಹಿಸರ್ ಸ್ಟೇಷನ್ನಿನಿಂದ ಪೂರ್ವಕ್ಕೆ ಹತ್ತು ನಿಮಿಷ ನಡೆದರೆ ಒಂದು ಹಳೆಯ ಚಾಳು ಸಿಗುತ್ತದೆ. ಅದರ ಏಳನೇ ನಂಬರ್ ಖೋಲಿಯಲ್ಲಿ ಅವಳ ಹೊಲಿಗೆ ಮಷಿನ್ನು ಇಪ್ಪತ್ತೆಂಟು ವರ್ಷಗಳಿಂದ ಓಡುತ್ತಿತ್ತು. ವಿಜಯಪುರದ ಕಡೆಯ ಇಂಡಿಯಿಂದ ಗಂಡ ಹಾಜಿಮಲಂಗನ ಜೊತೆ ಬಂದಾಗ ಅವಳಿಗೆ ಇಪ್ಪತ್ತೆರಡು. ಗಂಡ ಗ್ಯಾಸ್ ಒಲೆ, ಮಿಕ್ಸರ್ ರಿಪೇರಿ ಮಾಡುತ್ತಿದ್ದ. ಅವಳು ಬ್ಲೌಸು, ಪೆಟಿಕೋಟು, ಸೀರೆಗೆ ಫಾಲು ಹೊಲಿಯುತ್ತಿದ್ದಳು. ಇಬ್ಬರ ಕೆಲಸವೂ ಸಂಸಾರವೂ ಆ ಒಂದೇ ಖೋಲಿಯಲ್ಲಿ. ಮಗಳು ಸೈಮಾ ಹುಟ್ಟಿ ಬೆಳೆದು ಓದಿ ಪವಾಯಿಯ ಒಂದು ಆಫೀಸಿಗೆ ಕೆಲಸಕ್ಕೆ ಸೇರಿದ್ದೂ ಅಲ್ಲಿಂದಲೇ. ಇಂಡಿಯ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದ್ದ ಅಮೀನಾ ಕನ್ನಡವನ್ನು ಸರಾಗವಾಗಿ ಓದುತ್ತಿದ್ದಳು. ಹಿಂದಿ ಮತ್ತು ಮರಾಠಿ ಈ ಊರು ಕಲಿಸಿತ್ತು. ಇಂಗ್ಲಿಷ್ ಮಾತ್ರ ಅಕ್ಷರ ಗುರುತಿಸುವಷ್ಟು. ಅದಕ್ಕಿಂತ ಹೆಚ್ಚು ಬೇಕು ಅಂತ ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಎದುರಿನ ಬಿಲ್ಡಿಂಗಿನ ಗಿರಾಕಿಯೊಬ್ಬಳು ರೇಷ್ಮೆ ಬಟ್ಟೆ ಕೊಟ್ಟು ಹೋದವಳು ಆಮೇಲೆ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಕಳಿಸಿದ್ದಳು. ಅಮೀನಾಗೆ ಅದರಲ್ಲಿ ಬ್ಲೌಸ್ ಎನ್ನುವುದು ತಿಳಿಯಿತು, ಸಿಸ್ಟರ್ ಎನ್ನುವುದೂ ತಿಳಿಯಿತು. ತಂಗಿ ಬಂದು ಒಯ್ಯುತ್ತಾಳೆ ಅಂದುಕೊಂಡು ಗಿರಾಕಿಯ ಹಳೆಯ ಅಳತೆಗೇ ಹೊಲಿದಿಟ್ಟಳು. ಬ್ಲೌಸು ಹೊಲಿಸಿದ್ದೇ ತಂಗಿಗೆ. ಆ ತಂಗಿ ಕಡ್ಡಿಯ ಹಾಗಿದ್ದಳು. ಮದುವೆ ಮನೆಯಲ್ಲಿ ಅದು ಗೋಣಿಚೀಲದ ಹಾಗೆ ಜೋತು ಬಿತ್ತಂತೆ.

"ಲಿಖಾ ಥಾ ನಾ?" ಎಂದು ಆ ಹೆಂಗಸು ನಾಲ್ಕು ಜನ ಗಿರಾಕಿಗಳ ಮುಂದೆ ಮೊಬೈಲನ್ನು ಅವಳ ಮುಖಕ್ಕೆ ಹಿಡಿದಳು. "ವಾಸ್ ಮೆಂಟ್ ಫಾರ್ ಮೈ ಸಿಸ್ಟರ್! ಓದೋಕೆ ಬರಲ್ಲ ಅಂತ ಮೊದಲೇ ಹೇಳಬೇಕಿತ್ತು."

ಅಮೀನಾಗೆ ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಅವಳ ಕತ್ತರಿ ತಪ್ಪಿದ್ದಿಲ್ಲ. ತಪ್ಪಿಸಿದ್ದು ಯಾವುದೋ ಮೂರು ಚಿಲ್ಲರೆ ಶಬ್ದ. ಮರು ಶನಿವಾರ ಮಧ್ಯಾಹ್ನ ಮಷಿನ್ನಿಗೆ ಬಟ್ಟೆ ಹೊದಿಸಿ ಅವಳು ಕನ್ನಡ ಸಂಘದ ಹಾಲಿಗೆ ಹೋದಳು. ಅಲ್ಲಿ ವಸಂತಿ ಟೀಚರ್ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆಂದು ಯಾರೋ ಹೇಳಿದ್ದರು.

ವಸಂತಿ ಟೀಚರ್ ಉಡುಪಿ ಕಡೆಯವರು. ಮೂವತ್ತೆರಡು ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಸೀಮೆಸುಣ್ಣ ಕೈಯಲ್ಲಿಲ್ಲದಿದ್ದರೆ ಅವರಿಗೆ ಮಾತೇ ಹೊರಡುತ್ತಿರಲಿಲ್ಲ.

"ಯಾವುದು ಕಲಿಯಬೇಕು ನಿಮಗೆ?" ಎಂದು ಕೇಳಿದರು.

"ಎಲ್ಲಾ ಆಮ್ಯಾಲ ಕಲೀತೀನ್ರಿ ಟೀಚರ್. ಮೊದ್ಲ ಇದೊಂದು ಹೇಳ್ರಿ," ಎಂದು ಅಮೀನಾ ಮೊಬೈಲ್ ತೋರಿಸಿದಳು.

ಟೀಚರ್ ಓದಿ ನಕ್ಕರು. ಅವತ್ತಿನ ಪಾಠವನ್ನು ಬದಿಗಿಟ್ಟು ಬೋರ್ಡಿನ ಮೇಲೆ ವಾಸ್, ಮೆಂಟ್, ಫಾರ್ ಎಂದು ಬರೆದು ಮೂರಕ್ಕೂ ಬೇರೆ ಬೇರೆ ಗೆರೆ ಎಳೆದರು.

"ನೋಡಿ, ಮೊದಲನೆಯದು ಆಗಿಹೋದ ಕಾಲ. ನಡುವಿನದು ಏನಾಯಿತು ಅಂತ. ಕೊನೆಯದು ಯಾತಕ್ಕೆ, ಯಾರಿಗೆ ಅಂತ. ನಡುವಿನ ಶಬ್ದ ಬದಲಿಸ್ತಾ ಹೋಗಿ, ನೂರು ವಾಕ್ಯ ಆಗ್ತದೆ. ವಾಸ್ ಬಾಟ್ ಫಾರ್, ಇಂಥದಕ್ಕೆ ಅಂತ ಕೊಂಡದ್ದು. ವಾಸ್ ಕೆಪ್ಟ್ ಫಾರ್, ಇಂಥದಕ್ಕೆ ಅಂತ ಇಟ್ಟದ್ದು. ವಾಸ್ ಯೂಸ್ಡ್ ಫಾರ್, ಇಂಥದಕ್ಕೆ ಬಳಸಿದ್ದು."

ಅಮೀನಾ ಬೋರ್ಡನ್ನೇ ನೋಡುತ್ತಿದ್ದಳು. "ಟೀಚರ್, ಇದರಾಗ ಮಾಡಿದವರು ಯಾರಂತ ಇಲ್ಲೇ ಇಲ್ಲಲ್ರಿ?"

"ಅದೇ ಮಾರಾಯ್ತಿ ಇದರ ಗುಟ್ಟು! ಮಾಡಿದವರ ಹೆಸರು ಹೇಳದೆ ವಾಕ್ಯ ಮುಗಿಸಿಬಿಡಬಹುದು. ಆಫೀಸಿನ ಕಾಗದ ಎಲ್ಲ ಹೀಗೇ ಇರ್ತದೆ. ಕನ್ನಡದಲ್ಲಿ ಬಳಸಲ್ಪಟ್ಟಿತು, ಇಡಲ್ಪಟ್ಟಿತು ಅಂತ ಪುಸ್ತಕದಲ್ಲಿ ಉಂಟು, ಮನೆಯಲ್ಲಿ ಯಾರು ಹಾಗೆ ಮಾತಾಡ್ತಾರೆ? ಇಂಗ್ಲಿಷಿನವರು ಮಾತಾಡ್ತಾರೆ."

ಅವತ್ತಿನಿಂದ ಅಮೀನಾಗೆ ಹುಚ್ಚು ಹಿಡಿಯಿತು. ಕಪಾಟಿನಲ್ಲಿ ಗಂಟು ಕಟ್ಟಿಟ್ಟ ಬಟ್ಟೆಗಳಿಗೆಲ್ಲ ಚೀಟಿ ಬರೆದು ಪಿನ್ನು ಚುಚ್ಚಿದಳು. ಇದು ಪರದೆಗೆಂದು ಕೊಂಡದ್ದು, ಇದು ಅಸ್ತರಿಗೆಂದು ಕತ್ತರಿಸಿದ್ದು, ಈ ಗುಂಡಿಗಳು ಶೆರವಾನಿಗೆಂದು ಇಟ್ಟದ್ದು, ಎಲ್ಲ ಇಂಗ್ಲಿಷಿನಲ್ಲಿ. ಮನೆಯ ಸಾಮಾನಿಗೂ ಅಂಟಿಸಿದಳು. ಚಟ್ನಿಯ ಮಿಕ್ಸರಿಗೆ ‘ವಾಸ್ ಯೂಸ್ಡ್ ಫಾರ್ ಚಟ್ನಿ’ ಎಂದು ಅಂಟಿಸಿ, ಅದರ ಫೋಟೋ ತೆಗೆದು ಟೀಚರಿಗೆ ತೋರಿಸಿದಳು.

"ಈಗ ಇದರಲ್ಲಿ ಚಟ್ನಿ ಮಾಡುವುದಿಲ್ವಾ?" ಎಂದರು ಟೀಚರ್.

"ದಿನಾ ಮಾಡ್ತೀನ್ರಿ."

"ಹಾಗಾದ್ರೆ ವಾಸ್ ಅಲ್ಲ, ಈಸ್. ಬರೀ ವಾಸ್ ಯೂಸ್ಡ್ ಅಂತ ಬರೆದ್ರೆ ಒಂದು ಕಾಲದಲ್ಲಿ ಮಾಡ್ತಿದ್ರು, ಈಗ ಇಲ್ಲ ಅಂತ ಓದಿದವರು ತಿಳೀತಾರೆ. ನಿಮ್ಮ ಮಿಕ್ಸರನ್ನು ಗುಜರಿಗೆ ಹಾಕಿದ ಹಾಗಾಯ್ತು!"

ಹೆಂಗಸರೆಲ್ಲ ನಕ್ಕರು, ಅಮೀನಾ ಕೂಡ. ಆದರೆ ಮನೆಗೆ ಬಂದು ಚೀಟಿ ಹರಿದು ಬೇರೆ ಬರೆದಳು.

ಇದಾಗಿ ಎರಡು ತಿಂಗಳಿಗೆ ಚಾಳಿನ ಗೇಟಿನ ಗೋಡೆಯ ಮೇಲೆ ಪಟ್ಟಿ ಬಿತ್ತು. ಚಾಳನ್ನು ಕೆಡವಿ ಅಲ್ಲೇ ದೊಡ್ಡ ಬಿಲ್ಡಿಂಗ್ ಕಟ್ಟುವ ಮಾತು ಎರಡು ವರ್ಷದಿಂದ ನಡೆದಿತ್ತು. ಸರ್ವೆಯವರು ಬಂದು ಖೋಲಿ ಖೋಲಿ ಅಳೆದು ಹೋಗಿದ್ದರು. ಯಾರಿಗೆ ಹೊಸ ಬಿಲ್ಡಿಂಗಿನಲ್ಲಿ ಮನೆ ಸಿಗುತ್ತದೆ, ಯಾರಿಗೆ ಇಲ್ಲ ಎಂದು ಈ ಪಟ್ಟಿಯಲ್ಲಿತ್ತು. ಎಲ್ಲರೂ ಅದರ ಮುಂದೆ ನೂಕಾಡುತ್ತಿದ್ದರು. ನಾಲ್ಕನೇ ಖೋಲಿಯ ಹೂವಿನ ಕಾಶಪ್ಪ, ಓದಿ ಹೇಳುವವರು ಯಾರಾದರೂ ಬರಲಿ ಅಂತ ಕಾಯುತ್ತ ನಿಂತಿದ್ದ.

ಅಮೀನಾ ಸೆರಗು ಬಿಗಿದು ಮುಂದೆ ನುಗ್ಗಿದಳು. ಏಳನೇ ನಂಬರಿನ ಸಾಲಿಗೆ ಬೆರಳಿಟ್ಟಳು. ಹಾಜಿಮಲಂಗನ ಹೆಸರಿನ ಮುಂದೆ ‘ನಾಟ್ ಎಲಿಜಿಬಲ್’ ಎಂದಿತ್ತು. ಅದರ ಮುಂದಿನ ಕಾಲಮ್ಮಿನಲ್ಲಿ ಕಾರಣವನ್ನು ನಾಲ್ಕೇ ಶಬ್ದಗಳಲ್ಲಿ ಬರೆದಿದ್ದರು: ‘ವಾಸ್ ಯೂಸ್ಡ್ ಫಾರ್ ಗೋಡೌನ್.’

ಮೊದಲು ತಿಳಿದದ್ದು ಒಂದೇ: ಮನೆ ಹೋಯಿತು. ಮರುಕ್ಷಣವೇ, ಯಾರೂ ಓದಿ ಹೇಳದೆ ಇದನ್ನು ತಾನೇ ಓದಿದೆ ಎನ್ನುವುದು ಹೊಳೆಯಿತು. ಅವಳು ಆ ನಾಲ್ಕು ಶಬ್ದಗಳನ್ನು ಇನ್ನೊಮ್ಮೆ, ಮೊದಲಿನಿಂದ, ಒಂದೊಂದಾಗಿ ಓದಿದಳು. ವಾಸ್.

ಆಗ ಅವಳಿಗೆ ಸರ್ವೆಯ ದಿನ ನೆನಪಾಯಿತು. ಉಳಿದ ಖೋಲಿಗಳಿಗಿಂತ ಏಳನೆಯದರ ಬಾಗಿಲು ಎರಡರಷ್ಟು ಅಗಲ. ಸರ್ವೆಯವನು ಅದನ್ನು ನೋಡಿ, ಇಷ್ಟು ದೊಡ್ಡ ಬಾಗಿಲು ಯಾಕೆ, ಮೊದಲು ಇಲ್ಲಿ ಏನಿತ್ತು ಎಂದು ಕೇಳಿದ್ದ. ನಾವು ಬರುವ ಮುಂಚೆ ಬಿದಿರಿನ ವ್ಯಾಪಾರಿಯ ಗೋಡೌನ್ ಇತ್ತು ಅಂತ ಅವಳು ಹೇಳಿದ್ದಳು. ಅವನು ಬರೆದುಕೊಂಡಿದ್ದು ನಿಜವನ್ನೇ. ಬರೆದದ್ದನ್ನು ಓದಿದವರು ಮಾತ್ರ ವಾಸ್ ಅನ್ನು ನುಂಗಿ ಗೋಡೌನ್ ಅನ್ನು ಮಾತ್ರ ಹಿಡಿದಿದ್ದರು.

ಗೇಟಿನ ಪಕ್ಕದಲ್ಲೇ ಬಿಲ್ಡರನ ಚಿಕ್ಕ ಆಫೀಸು. ಅಲ್ಲಿ ಕೂರುತ್ತಿದ್ದ ಹಿತೇಶ್ ಕೆಟ್ಟವನಲ್ಲ, ಆದರೆ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂಬ ಭಾವನೆಯವನು.

"ಚಾಚಿ, ಪಟ್ಟಿಯಲ್ಲಿ ಗೋಡೌನ್ ಅಂತ ಇದೆ. ಗೋಡೌನಿಗೆ ಫ್ಲ್ಯಾಟ್ ಸಿಗಲ್ಲ," ಎಂದ ಹಿಂದಿಯಲ್ಲಿ.

"ಗೋಡೌನ್ ಅಂತ ಇಲ್ಲ. ಗೋಡೌನ್ ಆಗಿತ್ತು ಅಂತ ಇದೆ," ಎಂದಳು ಅಮೀನಾ, ತಾನೂ ಹಿಂದಿಯಲ್ಲಿ.

ಹಿತೇಶ್ ನಕ್ಕ. "ಎರಡೂ ಒಂದೇ ಚಾಚಿ. ಅದು ಇಂಗ್ಲಿಷ್. ಒಂದು ತಿಂಗಳು ಟೈಮ್ ಇದೆ, ಬೇಕಾದರೆ ತಕರಾರು ಅರ್ಜಿ ಹಾಕಿ. ಆದರೆ ಸುಮ್ಮನೆ ಅಲೆದಾಟ."

ಮನೆಗೆ ಬಂದರೆ ಹಾಜಿಮಲಂಗ ತಲೆ ಮೇಲೆ ಕೈ ಹೊತ್ತು ಕುಳಿತಿದ್ದ. ಅವನು ಒಲೆಯ ಒಳಗಿನ ಸಣ್ಣ ತೂತನ್ನೂ ಬಿಡದೆ ಶುದ್ಧ ಮಾಡುವ ಮನುಷ್ಯ, ಆದರೆ ಸರಕಾರಿ ಕಾಗದ ಕಂಡರೆ ಅರ್ಧ ಜೀವ. "ಬಿಡು, ನಾಲಾಸೋಪಾರಾದಾಗ ಎಲ್ಲೆರೆ ಬಾಡಿಗಿ ಖೋಲಿ ನೋಡೂನು," ಎಂದ.

"ಬಿಡೂದು ಹ್ಯಾಂಗ? ಅವರು ಬರದಿದ್ದ ಖರೆ ಐತಿ. ಅವರಿಗೆ ತಿಳಿದಿಲ್ಲ, ಅಷ್ಟ."

ಸೈಮಾ ಸಂಜೆ ಬಂದವಳೇ ವಕೀಲರನ್ನು ಹುಡುಕೋಣ ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಮೊದಲು ಬರುವುದು ಹಿಂದಿಯೇ. "ಅಮ್ಮಿ, ನಾನು ಫರ್ಸ್ಟ್ ಕ್ಲಾಸ್ ಲೆಟರ್ ಬರೆದು ಕೊಡ್ತೀನಿ. ನೀನು... ಕ್ಯಾ ಬೋಲ್ತೇ... ಸಹಿ ಮಾಡು, ಬಸ್."

ಅಮೀನಾ ಮಗಳ ಮುಖ ನೋಡಿದಳು. "ಅಲ್ಲಿ ಸಾಹೇಬರು ಕೇಳಿದ್ರ ಉತ್ರಾ ಹೇಳಾಕಿ ನಾನಽ. ನೀ ಬರದದ್ದು ನಂಗ ಹ್ಯಾಂಗ ಬರ್ತೈತಿ? ನಾನಽ ಬರೀತೀನಿ."

ಶನಿವಾರ ಟೀಚರ್ ಕೂಡ ಅದನ್ನೇ ಹೇಳಿದರು. "ನಾನು ಬರೆದು ಕೊಡುವುದಿಲ್ಲ. ನೀವು ಬರೀರಿ, ತಪ್ಪಿದ್ದಲ್ಲಿ ಗೆರೆ ಎಳೀತೇನೆ. ತಿದ್ದುವವರೂ ನೀವೇ."

ಕ್ಲಾಸು ಮುಗಿದು ಎಲ್ಲರೂ ಹೋದರೂ ಅವರಿಬ್ಬರು ಕೂತರು. ಮೊದಲ ಸಲ ಬರೆದದ್ದರ ಮೇಲೆ ಹನ್ನೊಂದು ಗೆರೆ ಬಿದ್ದವು. ಎರಡನೇ ಸಲ ಆರು. ‘ಮೊದಲು ಗೋಡೌನಿಗೆ ಬಳಸಿದ್ದು’ ಎನ್ನುವಲ್ಲಿ ಅಮೀನಾ ತಡೆದಳು.

"ಇಲ್ಲಿ ಯಾರು ಅಂತ ಹಾಕಬಹುದಲ್ರಿ? ಬೈ ಬಾಂಬೂ ಮರ್ಚಂಟ್ ಅಂತ?"

"ಹಾಕಬಹುದು ಅಲ್ಲ, ಹಾಕಲೇಬೇಕು. ಅವರು ಬಚ್ಚಿಟ್ಟದ್ದನ್ನು ನೀವು ಎಳೆದು ಹೊರಗೆ ತನ್ನಿ."

ನಾಲ್ಕನೇ ಸಲ ಬರೆದದ್ದರ ಮೇಲೆ ಗೆರೆ ಬೀಳಲಿಲ್ಲ. ಒಟ್ಟು ಐದು ವಾಕ್ಯ. ಟೀಚರ್ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ನನ್ನ ಸರ್ವೀಸಿನಲ್ಲಿ ಎಷ್ಟೋ ಮಕ್ಕಳಿಗೆ ಇದೇ ಪಾಠ ಮಾಡಿದ್ದೇನೆ. ಪರೀಕ್ಷೆಯಲ್ಲಿ ಬರೆದು ಮರೆತುಬಿಟ್ರು. ಇದನ್ನು ಹಿಡಿದುಕೊಂಡು ಜಗಳಕ್ಕೆ ಹೊರಟವರು ನೀವೊಬ್ಬರೇ ನೋಡಿ," ಎಂದರು.

ವಿಚಾರಣೆಗೆ ಕರೆದದ್ದು ಫೋರ್ಟ್ ಭಾಗದ ಹಳೆಯ ಕಲ್ಲಿನ ಕಟ್ಟಡವೊಂದರ ಸರಕಾರಿ ಕಚೇರಿಗೆ. ಮೂವರೂ ಬೆಳಿಗ್ಗೆಯೇ ಲೋಕಲ್ ಹಿಡಿದರು. ಲೇಡೀಸ್ ಡಬ್ಬಿಯಲ್ಲಿ ಮಗಳ ಪಕ್ಕ ನಿಂತ ಅಮೀನಾ ದಹಿಸರಿನಿಂದ ಚರ್ಚ್‌ಗೇಟಿನವರೆಗೂ ತುಟಿ ಅಲ್ಲಾಡಿಸುತ್ತಲೇ ಇದ್ದಳು. ಪಕ್ಕದವಳು ನಮಾಜಿನ ದುವಾ ಅಂದುಕೊಂಡು ಜಾಗ ಬಿಟ್ಟುಕೊಟ್ಟಳು.

ಎರಡನೇ ಮಹಡಿಯ ಕೋಣೆಯಲ್ಲಿ ಶುಭಾಂಗಿ ಎಂಬ ಅಧಿಕಾರಿ ಕುಳಿತಿದ್ದಳು. ಐವತ್ತರ ಆಸುಪಾಸು, ಮುಂದೆ ಫೈಲುಗಳ ರಾಶಿ, ಬಾಗಿಲಾಚೆ ಉದ್ದ ಸಾಲು. ಬಿಲ್ಡರನ ಪರವಾಗಿ ಹಿತೇಶ್ ಮೂಲೆಯ ಕುರ್ಚಿಯಲ್ಲಿದ್ದ.

"ಏಳನೇ ನಂಬರ್. ಗೋಡೌನ್. ಏನು ಹೇಳುವುದಿದೆ?" ಎಂದಳು ಅಧಿಕಾರಿ ಹಿಂದಿಯಲ್ಲಿ, ತಲೆ ಎತ್ತದೆ.

ಸೈಮಾ ಮಾತಾಡಲು ಬಾಯಿ ತೆರೆದಳು. ಅಮೀನಾ ಅವಳ ಕೈ ಹಿಡಿದು ತಡೆದಳು.

"ಮೇಡಂ, ದಿಸ್ ಸೆಂಟೆನ್ಸ್ ಈಸ್ ಟ್ರೂ."

ಹಿತೇಶ್‌ನ ಮುಖ ಅರಳಿತು. ಹಾಜಿಮಲಂಗ ಗಾಬರಿಯಾಗಿ ಹೆಂಡತಿಯನ್ನು ನೋಡಿದ. ಅಧಿಕಾರಿ ಈಗ ತಲೆ ಎತ್ತಿದಳು.

"ನಿಜವಾದರೆ ಅರ್ಜಿ ಯಾಕೆ?"

"ಟ್ರೂ, ಬಟ್ ವಾಸ್," ಎಂದಳು ಅಮೀನಾ. "ವಾಸ್ ಯೂಸ್ಡ್. ಬೈ ಬಾಂಬೂ ಮರ್ಚಂಟ್. ಬಿಫೋರ್ ನೈಂಟಿನ್ ನೈಂಟಿಸೆವೆನ್. ನಾಟ್ ಬೈ ಮಿ. ನೌ, ಈಸ್ ಯೂಸ್ಡ್ ಫಾರ್ ಲಿವಿಂಗ್."

ಅಷ್ಟು ಹೇಳಿದ ಮೇಲೆ ಅವಳಿಗೆ ಉಸಿರು ಬಂತು. ಉಳಿದದ್ದನ್ನು ಹಿಂದಿಯಲ್ಲಿ ಹೇಳಿದಳು. ಸರ್ವೆಯವರು ಕೇಳಿದ್ದು ಮೊದಲು ಏನಿತ್ತು ಅಂತ. ನಾನು ಹೇಳಿದ್ದು ಮೊದಲಿನದು. ಅವರು ಬರೆದದ್ದೂ ಮೊದಲಿನದೇ. ಈಗ ಏನಿದೆ ಅಂತ ಯಾರೂ ಕೇಳಲಿಲ್ಲ, ಈ ವಾಕ್ಯದಲ್ಲಿ ಅದು ಇಲ್ಲವೂ ಇಲ್ಲ. ಇಲ್ಲದ್ದನ್ನು ಓದಿ ನನ್ನ ಮನೆ ಹೇಗೆ ತೆಗೆಯುತ್ತೀರಿ? ಹೀಗೆಂದು ಚೀಲದಿಂದ ರೇಷನ್ ಕಾರ್ಡು, ಹಳೆಯ ಲೈಟ್ ಬಿಲ್ಲುಗಳು, ಸೈಮಾಳ ಶಾಲೆಯ ದಾಖಲೆ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಟ್ಟಳು. ಎಲ್ಲದರ ಮೇಲೂ ಏಳನೇ ನಂಬರ್ ಖೋಲಿಯ ವಿಳಾಸವಿತ್ತು.

ಶುಭಾಂಗಿ ಸರ್ವೆಯ ಮೂಲ ಹಾಳೆ ತರಿಸಿದಳು. ಅದರಲ್ಲಿ ಮೊದಲ ಸಾಲಿನಲ್ಲಿ ಅದೇ ನಾಲ್ಕು ಶಬ್ದ. ಕೆಳಗೆ, ವಾಸ ಇರುವವರ ಸಂಖ್ಯೆ ಎಂಬಲ್ಲಿ ಮೂರು ಎಂದು ಬರೆದಿತ್ತು. ಅವಳು ಹಾಳೆಯನ್ನು ಹಿತೇಶ್‌ನ ಕಡೆ ತಿರುಗಿಸಿದಳು. "ಗೋಡೌನಿನಲ್ಲಿ ಮೂರು ಜನ ವಾಸ ಮಾಡುತ್ತಾರಾ? ನೀವ್ಯಾರೂ ಇದನ್ನು ಪೂರ್ತಿ ಓದಲಿಲ್ಲವಾ?" ಎಂದಳು. ಆಮೇಲೆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, "ನಾವೂ ಓದಲಿಲ್ಲ," ಎಂದಳು.

ಪಕ್ಕದ ಮೇಜಿನ ಕಾರಕೂನನಿಗೆ ಆದೇಶ ಹೇಳಿ ಬರೆಸಿದಳು. ಅವನು ಚಕಚಕನೆ ಟೈಪ್ ಮಾಡಿ, ಪ್ರಿಂಟು ತೆಗೆದು, ಸಹಿಗಾಗಿ ಅಮೀನಾಳ ಮುಂದೆ ಇಟ್ಟ. ಸೈಮಾಳ ಕಣ್ಣು ತುಂಬಿತ್ತು. ಹಾಜಿಮಲಂಗ ಹೆಂಡತಿಗೆ ಪೆನ್ನು ಕೊಟ್ಟ.

ಅಮೀನಾ ಪೆನ್ನು ಹಿಡಿದಳು, ಸಹಿ ಮಾಡಲಿಲ್ಲ. ಬೆರಳಿಟ್ಟು ಓದತೊಡಗಿದಳು. ಬಾಗಿಲಲ್ಲಿ ನಿಂತವರು ಗೊಣಗಿದರು. ಮೂರನೇ ಸಾಲಿಗೆ ಬಂದಾಗ ಬೆರಳು ನಿಂತಿತು.

"ಮೇಡಂ, ಇದು ತಪ್ಪಿದೆ."

"ಏನು ತಪ್ಪು?" ಎಂದ ಕಾರಕೂನ. "ಖೋಲಿಯನ್ನು ವಾಸಕ್ಕೆ ಬಳಸುತ್ತಾರೆ ಅಂತಲೇ ಬರೆದಿದ್ದೇನೆ."

"ವಾಸ್ ಯೂಸ್ಡ್ ಫಾರ್ ರೆಸಿಡೆನ್ಸ್ ಅಂತ ಬರೆದಿದ್ದೀರಿ. ವಾಸ್ ಬೇಡ. ಈಸ್ ಬೇಕು."

"ಅರೇ, ಸೇಮ್ ಹೈ ತಾಯಿ. ಸಹಿ ಮಾಡಿ, ಹಿಂದೆ ಜನ ಇದ್ದಾರೆ."

"ಸೇಮ್ ನಹೀ ಹೈ," ಎಂದಳು ಅಮೀನಾ. ಅವಳ ದನಿ ಆ ಕೋಣೆಗೆ ಸ್ವಲ್ಪ ಹೆಚ್ಚೇ ಆಯಿತು. "ಒಂದು ವಾಸ್ ನನ್ನ ಮನೆ ತಿಂದಿತ್ತು. ಇನ್ನೊಂದಕ್ಕೆ ನಾನು ಸಹಿ ಹಾಕಲ್ಲ."

ಶುಭಾಂಗಿ ಕುರ್ಚಿಗೆ ಒರಗಿ ಮನಸಾರೆ ನಕ್ಕಳು. ಆದೇಶದ ಹಾಳೆಯನ್ನು ತಾನೇ ಎಳೆದುಕೊಂಡು, ಆ ಶಬ್ದಕ್ಕೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು, "ಬದಲಿಸಿ ತಾ. ಅವರು ಸರಿಯಾಗಿ ಹೇಳಿದ್ದಾರೆ," ಎಂದಳು. ಎರಡನೇ ಪ್ರಿಂಟನ್ನೂ ಅಮೀನಾ ಮೊದಲಿನಿಂದ ಕೊನೆಯವರೆಗೆ ಓದಿದಳು. ಈ ಸಲ ಯಾರೂ ಗೊಣಗಲಿಲ್ಲ. ಆಮೇಲೆ ಕನ್ನಡದಲ್ಲಿ ದುಂಡಗೆ ಸಹಿ ಹಾಕಿದಳು.

ಮೆಟ್ಟಿಲಿಳಿಯುವಾಗ ಹಿತೇಶ್ ಹಿಂದಿನಿಂದ ಬಂದ. "ಚಾಚಿ, ಅರ್ಜಿ ಬರೆದ ವಕೀಲರು ಯಾರು? ನಮ್ಮ ಇನ್ನೊಂದು ಸೈಟಿಗೆ ಬೇಕಿತ್ತು."

"ನಾನೇ," ಎಂದಳು ಅಮೀನಾ. ಅವನು ತಮಾಷೆ ಅಂದುಕೊಂಡು ಸೈಮಾಳ ಮುಖ ನೋಡಿದ. ಸೈಮಾ ತಲೆ ಅಲ್ಲಾಡಿಸಿ, "ಸಚ್ ಮೇ," ಎಂದಳು.

ಮೂವರೂ ಹತ್ತಿರದ ಉಡುಪಿ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದರು. ಹಾಜಿಮಲಂಗ ಎಂದೂ ಇಲ್ಲದವನು ಇನ್ನೊಂದು ದೋಸೆ ತರಿಸಿ ಹೆಂಡತಿಯ ತಟ್ಟೆಗೆ ಹಾಕಿದ. "ಅಲ್ಲ, ಆಕಿ ಒಪ್ಪಿ ಆಗಿತ್ತಲ್ಲ, ಮತ್ತ ಯಾಕ ತಪ್ಪ ತಗದಿ? ನನ್ನ ಎದಿ ನಿಂತ್ಹೋಗಿತ್ತು ನೋಡು," ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಸೈಮಾ ತನ್ನ ಆಫೀಸಿನ ಗೆಳತಿಯರಿಗೆಲ್ಲ ಆಗಲೇ ಮೆಸೇಜು ಕಳಿಸುತ್ತಿದ್ದಳು.

ಆರು ವಾರಕ್ಕೆ ಹೊಸ ಪಟ್ಟಿ ಬಂತು. ಏಳನೇ ನಂಬರಿನ ಮುಂದೆ ‘ಎಲಿಜಿಬಲ್’ ಎಂದಿತ್ತು. ಅದರ ಜೊತೆಗೆ ನಾಲ್ಕು ಮತ್ತು ಹನ್ನೆರಡನೇ ನಂಬರಿನ ಮುಂದೆಯೂ. ಮೊದಲ ಪಟ್ಟಿಯಲ್ಲಿ ಕಾಶಪ್ಪನ ಖೋಲಿಯನ್ನು ‘ಹೂವಿನ ಅಂಗಡಿಗೆ ಬಳಸಲಾಗಿತ್ತು’ ಎಂದು ಬರೆದಿದ್ದರು. ಹನ್ನೆರಡನೆಯದಕ್ಕೂ ಅಂಥದೇ ಒಂದು ಕಾರಣ. ಅಮೀನಾ ಫೋರ್ಟಿನಿಂದ ಬಂದ ಮರುದಿನವೇ ಇಬ್ಬರನ್ನೂ ಮಷಿನ್ನಿನ ಪಕ್ಕ ಕೂರಿಸಿಕೊಂಡು, ಅವರ ಬಾಯಿಂದ ವಿಷಯ ಕೇಳಿ, ಅರ್ಜಿ ಬರೆಸಿದ್ದಳು. ತಾನು ಬರೆದು ಕೊಡಲಿಲ್ಲ. ತಪ್ಪಿದ್ದಲ್ಲಿ ಗೆರೆ ಎಳೆದಳು. ಕಾಶಪ್ಪನಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಅವನಿಗೆ ಮೊದಲು ಅಕ್ಷರ ಕಲಿಸಿದಳು. ಒಂಬತ್ತು ದಿನ ಹಿಡಿಯಿತು.

ಆ ಮಳೆಗಾಲದಲ್ಲಿ ವಸಂತಿ ಟೀಚರ್ ಕಣ್ಣಿನ ಆಪರೇಷನ್ನಿಗೆ ಮಗನ ಮನೆಗೆ ಹೋಗಬೇಕಾಯಿತು. ನಾಲ್ಕು ಶನಿವಾರ ಕ್ಲಾಸು ನಡೆಸುವವರು ಯಾರು ಎಂಬ ಪ್ರಶ್ನೆ ಬಂದಾಗ ಸಂಘದವರು ಯಾರೋ ಕಾಲೇಜಿನವರ ಹೆಸರು ಹೇಳಿದರು. ಟೀಚರ್ ಸೀಮೆಸುಣ್ಣದ ಡಬ್ಬಿಯನ್ನು ಅಮೀನಾಳ ಕೈಗೆ ಕೊಟ್ಟು, "ಇವರು ನಡೆಸ್ತಾರೆ. ಇವರು ಪರೀಕ್ಷೆ ಪಾಸಾದವರು," ಎಂದರು.

ಮೊದಲ ಶನಿವಾರ ಇಪ್ಪತ್ತಮೂರು ಹೆಂಗಸರು ಬಂದಿದ್ದರು. ಕೊನೆಯ ಬೆಂಚಿನಲ್ಲಿ, ಆ ಕ್ಲಾಸಿಗೆ ಕಾಲಿಟ್ಟ ಮೊದಲ ಗಂಡಸಾಗಿ ಕಾಶಪ್ಪ, ಮಡಿಲಲ್ಲಿ ನೋಟುಬುಕ್ಕು ಇಟ್ಟುಕೊಂಡು ಸಂಕೋಚದಿಂದ ಕುಳಿತಿದ್ದ. ಅಮೀನಾ ಬೋರ್ಡಿನ ಮುಂದೆ ನಿಂತು ಒಮ್ಮೆ ಎಲ್ಲರ ಮುಖ ನೋಡಿದಳು.

"ನಿಮ್ಮ ನಿಮ್ಮ ಮನ್ಯಾಗ ಬಂದ ಯಾವುದರೆ ಇಂಗ್ಲಿಷ್ ಕಾಗದ ಇದ್ರ ಮುಂದಿನ ವಾರ ತರ್ರಿ," ಎಂದಳು. "ಯಾವುದಽ ಇರಲಿ. ಹೆದ್ರಬ್ಯಾಡ್ರಿ. ಎಲ್ಲಾರೂ ಕೂಡಿ ಓದೂನು."

ಮುಂದಿನ ವಾರ ಕಾಶಪ್ಪನೂ ಸೇರಿ ಇಪ್ಪತ್ತನಾಲ್ಕು ಜನರೂ ತಂದರು. ಕೆಲವರು ಎರಡೆರಡು.